ಕೂಸಿಲ್ಲದ ಬಾಣಂತಿ ಯಾರ ಲೆಕ್ಕದಲ್ಲಿದ್ದಾಳೆ?

"ಹೊಟ್ಟೆಗೆ ಹಿಟ್ಟಿಲ್ಲದೋರಿಗೆ ಮನಸ್ಸಿನ ಚಿಕಿತ್ಸೆ ಯಾಕ್ರೀ? ಅದೆಲ್ಲಾ ಪ್ಯಾಟೆ ಹೆಂಗಸರ ಕಾಯಿಲೆ." ಇದು ಜಮೀನ್ದಾರನ ಮಾತಲ್ಲ. ನಮ್ಮದೇ ಸಭೆಗಳಲ್ಲಿ ಗೆಳೆಯರು ಆಡೋ ಮಾತು. ಕೂಲಿ, ಭೂಮಿ, ಮೀಸಲಾತಿ ಎಂದರೆ ಎದ್ದು ನಿಲ್ಲುವ ಇವರು, ಬಸಿರು ಇಳಿದುಹೋದವಳ ದುಃಖ ಅಂದ ಕೂಡಲೇ ಮುಖ ತಿರುಗಿಸುತ್ತಾರೆ.

ಕೇರಿಯಲ್ಲಿ ಏನಾಗುತ್ತೆ ನೋಡಿ. ಎರಡೋ ಮೂರೋ ತಿಂಗಳಿಗೆ ಬಸಿರು ಇಳಿಯುತ್ತೆ. ಆಸ್ಪತ್ರೆಯಲ್ಲಿ ಹೆತ್ತವರ ನಡುವೆಯೇ ಅವಳಿಗೊಂದು ಮಂಚ, ಸುತ್ತ ಕೂಸುಗಳ ಅಳು. ಮನೆಗೆ ಬಂದರೆ ಅತ್ತೆ "ಹೊತ್ತು ಮುಳುಗಿದ ಮೇಲೆ ಹೊರಗೆ ಹೋಗಬ್ಯಾಡ ಅಂದಿದ್ದೆ" ಅಂತಾಳೆ, ಪಕ್ಕದವಳು "ಗ್ರಹಣ ನೋಡಿದ್ಲು" ಅಂತಾಳೆ, ಪೂಜಾರಿ "ಗಾಳಿ ಮೆಟ್ಟಿದೆ" ಅಂತಾನೆ. ನಾಲ್ಕನೇ ದಿನ ಕಳೆ ಕೀಳೋಕೆ ಹೊಲಕ್ಕೆ. ಅಳೋದಕ್ಕೆ ಬದುವಿನ ಮರೆ. ತಪ್ಪೆಲ್ಲಾ ಅವಳದೇ! ಆದರೆ ಮೊದಲ ಮೂರು ತಿಂಗಳಲ್ಲಿ ಇಳಿಯುವ ಬಸಿರುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ವರ್ಣತಂತುಗಳ ಏರುಪೇರು. ಅವಳು ತಿಂದದ್ದಲ್ಲ, ನೋಡಿದ್ದಲ್ಲ. ಇದನ್ನು ಪಕ್ಕದಲ್ಲಿ ಕೂತು ಹೇಳೋರು ಬೇಕು. ಆಪ್ತಸಮಾಲೋಚನೆ ಎಂಬ ದೊಡ್ಡ ಹೆಸರಿನ ಮೊದಲ ಕೆಲಸ ಇಷ್ಟೇ. ಆಮೇಲೆ ಅವಳ ಮಾತು ಕೇಳೋದು. ನಿದ್ದೆ ಬಿಟ್ಟು, ಅನ್ನ ಬಿಟ್ಟು, ಸಾಯೋ ಮಾತಾಡಿದರೆ ಡಾಕ್ಟರ ಹತ್ತಿರ ಕರೆದೊಯ್ಯೋದು. "ಬಿಡವ್ವ, ಮುಂದಿನ ವರ್ಷ ಇನ್ನೊಂದಾಗುತ್ತೆ" ಅನ್ನೋದು ಸಮಾಧಾನವಲ್ಲ, ಬಾಯಿ ಮುಚ್ಚಿಸೋದು.

ಕಾನೂನು ಇಲ್ಲವೇ? ಇದೆ ಸ್ವಾಮಿ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಬಸಿರು ಇಳಿದವಳಿಗೆ ಆರು ವಾರ ಸಂಬಳದ ರಜೆ ಬರೆದಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಬರೆದಿದೆ. ಯಾರಿಗೆ? ಕಾರ್ಖಾನೆ, ಗಣಿ, ಪ್ಲಾಂಟೇಶನ್, ಹತ್ತು ಜನರಾದರೂ ದುಡಿಯುವ ಅಂಗಡಿಯವರಿಗೆ. ಗೌಡನ ಗದ್ದೆಯಲ್ಲಿ ನಾಟಿ ಹಾಕುವವಳಿಗೆ ರಜೆ ಕೊಡೋನು ಯಾರು? 2017ರ ಮಾನಸಿಕ ಆರೋಗ್ಯ ಕಾಯ್ದೆ, ಸರ್ಕಾರಿ ಸೇವೆಯಲ್ಲಿ ಮನಸ್ಸಿನ ಚಿಕಿತ್ಸೆ ಎಲ್ಲರ ಹಕ್ಕು ಅನ್ನುತ್ತೆ. 2022ರಿಂದ 14416 ಎಂಬ ಉಚಿತ ಸಹಾಯವಾಣಿಯೂ ಇದೆ, ಕನ್ನಡದಲ್ಲೇ ಮಾತಾಡ್ತಾರೆ. ಫೋನು ಮಾತ್ರ ಗಂಡನ ಜೇಬಿನಲ್ಲಿದೆ.

ಕೂಸು ಹುಟ್ಟಿದ ಮನೆಗೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರೇಳು ಸಲ ಹೋಗಬೇಕು. ಆ ಲೆಕ್ಕ ಕೂಸಿನದು. ಕೂಸಿಲ್ಲದ ಮನೆಗೆ ಆ ಲೆಕ್ಕವಿಲ್ಲ.

"ಹಳ್ಳಿ ಮಟ್ಟದಲ್ಲಿ ಇದೆಲ್ಲಾ ಆಗಲ್ಲ" ಅನ್ನೋರು ಬಳ್ಳಾರಿಯನ್ನು ನೆನೆಯಲಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಕಾರ್ಯಕರ್ತರಿಗೇ ಮಾನಸಿಕ ಆರೈಕೆ ಕಲಿಸಿತು; ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಹುಚ್ಚನ್ನು, ಮೂರ್ಛೆರೋಗವನ್ನು ಗುರುತಿಸಲು ಕಲಿತವರಿಗೆ ಈ ದುಃಖ ಕಾಣದೇ?

ಗೆಳೆಯರೇ, ಮುಂದಿನ ಸಲ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂರುವಾಗ ಮನವಿಪತ್ರಕ್ಕೆ ಎರಡು ಸಾಲು ಸೇರಿಸಿ. ಬಸಿರು ಇಳಿದ ಕೂಲಿ ಹೆಂಗಸಿಗೆ ಆರು ವಾರದ ಕೂಲಿ. ಆ ಆರು ವಾರ ಅವಳ ಮನೆಗೆ ಬಂದು ಕೂರಲು ತರಬೇತಿ ಪಡೆದ, ಸಂಬಳ ಸಿಗುವ ಒಬ್ಬ ಹೆಂಗಸು. ಆ ಸಾಲುಗಳನ್ನು ಬರೆಯೋ ಪೆನ್ನು ನಿಮ್ಮ ಕೈಯಲ್ಲೇ ಇಟ್ಕೋಬೇಡಿ, ಹಿಂದಿನ ಸಾಲಿನಲ್ಲಿ ಕೂತ ಹೆಂಗಸರಿಗೆ ಕೊಡಿ.