ಬನವಾಸಿಯ ಶ್ರೇಷ್ಠಿಯೂ ನಮ್ಮ ವಾರದ ರಜೆಯೂ

ಪುಣೆಯಿಂದ ಹೊರಡುವ ಲೋಕಲ್ ಗಾಡಿಯಲ್ಲಿ, ಲೋಣಾವಳೆಗೆ ಒಂದು ನಿಲ್ದಾಣ ಈಚೆಗೆ, ಮಳವಲಿ ಎಂಬ ಸಣ್ಣ ಊರು ಸಿಗುತ್ತದೆ. ಇಂದ್ರಾಯಣಿಯ ಕಣಿವೆಯಲ್ಲಿರುವ ಈ ನಿಲ್ದಾಣದ ಉತ್ತರಕ್ಕೆ ಕಾರ್ಲೆಯ ಗುಡ್ಡ, ದಕ್ಷಿಣಕ್ಕೆ ಭಾಜೆಯ ಗುಡ್ಡ. ಎರಡರಲ್ಲಿಯೂ ಎರಡು ಸಾವಿರ ವರ್ಷಗಳಷ್ಟು ಹಿಂದೆ ಬೌದ್ಧ ಭಿಕ್ಷುಗಳಿಗಾಗಿ ಬಂಡೆಯಲ್ಲಿ ಕೊರೆದ ಗುಹಾಲಯಗಳಿವೆ. ಮುಂಜಾನೆ ಹೊರಟವರು ಎರಡನ್ನೂ ನೋಡಿ ರಾತ್ರಿಯ ಊಟಕ್ಕೆ ಪುಣೆಗೆ ಮರಳಬಹುದು. ಹೀಗಿದ್ದರೂ ಈ ನಗರದಲ್ಲಿ ವರ್ಷಗಟ್ಟಲೆ ದುಡಿದ ನಮ್ಮ ಬಂಧುಗಳಲ್ಲಿ ಅನೇಕರು ಅತ್ತ ಕಾಲಿಟ್ಟಿಲ್ಲ. ಅದಕ್ಕಾಗಿ ಅವರನ್ನು ದೂರುವುದು ನ್ಯಾಯವೆನಿಸಲಾರದು.

ಕಾರ್ಲೆಯನ್ನೇ ನಾವು ಎತ್ತಿ ಹೇಳುವುದಕ್ಕೆ ವಿಶೇಷ ಕಾರಣವಿದೆ. ಅಲ್ಲಿಯ ಮಹಾಚೈತ್ಯಗೃಹವು ಸುಮಾರು 124 ಅಡಿ ಉದ್ದ, 45 ಅಡಿ ಅಗಲ, 46 ಅಡಿ ಎತ್ತರವುಳ್ಳದ್ದು. ಭಾರತದ ಬಂಡೆಯಲ್ಲಿ ಕೊರೆದ ಚೈತ್ಯಗಳಲ್ಲೆಲ್ಲ ದೊಡ್ಡದು. ಅದರ ಮೊಗಸಾಲೆಯ ಗೋಡೆಯ ಮೇಲೆ ಬ್ರಾಹ್ಮೀ ಲಿಪಿಯ ಪ್ರಾಕೃತ ಶಾಸನವೊಂದಿದೆ. ಜಂಬೂದ್ವೀಪದಲ್ಲಿಯೇ ಉತ್ತಮವಾದ ಈ ಶಿಲಾಗೃಹವನ್ನು ವೈಜಯಂತಿಯಿಂದ ಬಂದ ಶ್ರೇಷ್ಠಿ ಭೂತಪಾಲನು ಪೂರ್ಣಗೊಳಿಸಿದನೆಂಬುದು ಅದರ ತಾತ್ಪರ್ಯ. ವೈಜಯಂತಿ ಎಂದರೆ ನಮ್ಮ ಬನವಾಸಿಯೆಂದು ವಿದ್ವಾಂಸರು ಗುರುತಿಸಿದ್ದಾರೆ: ಶಿರಸಿ ತಾಲೂಕಿನ, ವರದಾ ನದಿಯ ದಂಡೆಯ, ಮುಂದೆ ಕದಂಬರ ರಾಜಧಾನಿಯಾದ, ಪಂಪನು ಹಂಬಲಿಸಿದ ಅದೇ ಬನವಾಸಿ. ವ್ಯಾಪಾರಕ್ಕಾಗಿ ಘಟ್ಟದ ಹಾದಿ ಹಿಡಿದು ಬಂದ ನಮ್ಮ ಸೀಮೆಯ ಒಬ್ಬನು, ಪರಸ್ಥಳದಲ್ಲಿ ತನ್ನ ಊರಿನ ಹೆಸರನ್ನು ತನ್ನ ಹೆಸರಿನ ಮುಂದೆಯೇ ಕೆತ್ತಿಸಿದ್ದಾನೆ. ತುಸು ಹೆಮ್ಮೆಯ ಮಾತನ್ನೂ ಸೇರಿಸಿದ್ದಾನೆ; ಆ ಕಂಬಸಾಲಿನ ನಡುವೆ ನಿಂತವರು ಅದನ್ನು ಬಡಾಯಿಯೆನ್ನಲಾರರು.

ಆದರೆ ಆ ಮಂದಿರ ಶ್ರೇಷ್ಠಿಯೊಬ್ಬನ ಹಣದಿಂದ ಆದುದಲ್ಲ. ಅನೇಕ ಕಂಬಗಳ ಮೇಲೆ ಒಬ್ಬೊಬ್ಬ ದಾನಿಯ ಹೆಸರು. ಅವರಲ್ಲಿ ಯವನರೂ ಇದ್ದಾರೆ. ಧೇನುಕಾಕಟವೆಂಬ ಊರಿನ ಗಂಧದ ವ್ಯಾಪಾರಿ ಸಿಂಹದತ್ತನು ಒಂದು ಬಾಗಿಲನ್ನು ಕೊಟ್ಟನು. ಅದೇ ಊರಿನ ಬಡಗಿ, ವೇಣುವಾಸನ ಮಗ ಸಾಮಿ, ಒಂದು ಬಾಗಿಲನ್ನು ಮಾಡಿದನು. ರಾಜರ ಹೆಸರು ಕೆತ್ತುವ ಕಲ್ಲಿನಲ್ಲಿ ಬಡಗಿಯ ಹೆಸರಿಗೂ, ಅವನ ತಂದೆಯ ಹೆಸರಿಗೂ ಸ್ಥಳ ದೊರೆತಿರುವುದು ಸಾಮಾನ್ಯ ಸಂಗತಿಯಲ್ಲ. ಒಳಗಿನ ಕಮಾನಿಗೆ ಜೋಡಿಸಿದ ತೇಗದ ತೊಲೆಗಳು ಇಂದಿಗೂ ಉಳಿದಿವೆ. ಇದೇ ರೈಲುಮಾರ್ಗದ ತಳೇಗಾಂವದಲ್ಲಿ ಜನರಿಂದ ಪೈಸೆ ಪೈಸೆ ಕೂಡಿಸಿದ ಪೈಸಾ ಫಂಡಿನಿಂದ 1908ರಲ್ಲಿ ಗಾಜಿನ ಕಾರಖಾನೆ ನಿಂತಿತೆಂಬುದೂ ಇಲ್ಲಿ ನೆನಪಿಗೆ ಬರುತ್ತದೆ. ಸಣ್ಣವರ ಕೊಡುಗೆಯಿಂದ ದೊಡ್ಡ ಕೆಲಸ ಸಾಧಿಸುವುದು ಈ ಕಣಿವೆಗೆ ಹಳೆಯ ರೂಢಿ.

ಭಾಜೆ ಇದಕ್ಕೂ ಹಿಂದಿನದು, ಕ್ರಿಸ್ತಪೂರ್ವ ಎರಡನೆಯ ಶತಮಾನದ್ದು. ಅಲ್ಲಿ ಕಂಬಗಳು ಒಳಕ್ಕೆ ವಾಲಿ ನಿಂತಿವೆ; ಪಕ್ಕದಲ್ಲಿ 14 ಸ್ತೂಪಗಳ ಗುಂಪಿದೆ. ಸಮಯ ಸಾಲದಿದ್ದರೆ ಕಾರ್ಲೆಯೊಂದೇ ಸಾಕು.

ಈಗ ಮುಖ್ಯ ವಿಷಯ. ಕಾರಕೂನನಿಗೆ ರವಿವಾರ ಬಿಡುವು. ಹೊಟೆಲಿನವನಿಗೆ ರವಿವಾರವೇ ಹೆಚ್ಚಿನ ಗಿರಾಕಿ. ಆದುದರಿಂದ ಒಂದೇ ಊರಿನಿಂದ ಬಂದ ಅಣ್ಣತಮ್ಮಂದಿರೂ ಕೂಡಿ ಒಂದು ದಿನ ಹೊರಗೆ ಹೋಗಲಾರರು. ಹೊಟೆಲಿನವರ ರಜೆಯಾದರೂ ಹೆಸರಿಗೆ ಮಾತ್ರ. ಬೆಳಗಿನ ತಿಂಡಿಯ ಹೊತ್ತು ಮುಗಿಸಿ ಹೋಗು ಎಂದರೆ ಹತ್ತು ಗಂಟೆ; ಸಂಜೆಯ ಗಿರಾಕಿಗೆ ಬಾ ಎಂದರೆ ನಾಲ್ಕು ಗಂಟೆ. ನಡುವಿನ ಆರು ತಾಸಿನಲ್ಲಿ ದಣಿದ ಮಾಣಿ ಮಲಗದೆ ಇನ್ನೇನು ಮಾಡಿಯಾನು? 1948ರ ಮುಂಬಯಿ ಕಾಯಿದೆ ವಾರದ ರಜೆಯನ್ನು ಹೇಳಿತ್ತು. ಅದರ ಸ್ಥಾನದಲ್ಲಿ ಬಂದ 2017ರ ಮಹಾರಾಷ್ಟ್ರ ಕಾಯಿದೆಯು ಎಡೆಬಿಡದ 24 ಗಂಟೆಗಳ ವಿಶ್ರಾಂತಿಯೆಂದು ಸ್ಪಷ್ಟವಾಗಿ ಹೇಳಿತು. ಆದರೆ ಕೆಲಸಗಾರರ ಸಂಖ್ಯೆ ಕಡಿಮೆಯಿರುವ ಸಣ್ಣ ಹೊಟೆಲುಗಳು ಅದರ ಹೊರಗೆ ಉಳಿದವು. ನಮ್ಮವರು ಬಹುಮಟ್ಟಿಗೆ ಇರುವುದು ಅಂಥಲ್ಲಿಯೇ. ಆದುದರಿಂದ ಕಾಯಿದೆಯ ಭಯಕ್ಕಿಂತ ಧಣಿಗಳ ಮನಸ್ಸಾಕ್ಷಿಯನ್ನೇ ನಾವು ಕೇಳಬೇಕಾಗಿದೆ. ಅವರಲ್ಲಿ ಅನೇಕರು ತಾವೇ ಮಾಣಿಗಳಾಗಿ ಬಂದು, ಲೋಟ ತೊಳೆದು, ಗಲ್ಲೆಯ ಮೇಲೆ ಕುಳಿತವರು. ಅರ್ಧ ರಜೆಯ ರುಚಿ ಅವರಿಗೆ ತಿಳಿಯದ್ದಲ್ಲ.

ತಿಂಗಳಿಗೊಮ್ಮೆಯಾದರೂ ಸರದಿಯ ಮೇಲೆ ನಾಲ್ಕಾರು ಜನರಿಗೆ ಪೂರ್ಣ ದಿನದ ಬಿಡುವು ಕೊಟ್ಟು, ಗಾಡಿಯ ಖರ್ಚನ್ನೂ ಬುತ್ತಿಯನ್ನೂ ಧಣಿಗಳು ವಹಿಸಿಕೊಂಡರೆ ಅದು ದೊಡ್ಡ ಹೊರೆಯಾಗಲಾರದು. ಪುಣೆಯ ಕನ್ನಡ ಸಂಘದಂಥ ಸಂಸ್ಥೆಗಳು ಭೂತಪಾಲನ ಶಾಸನದ ಅರ್ಥವನ್ನೂ ದಾರಿಯ ವಿವರವನ್ನೂ ಕನ್ನಡದಲ್ಲಿ ನಾಲ್ಕು ಪುಟಗಳಲ್ಲಿ ಅಚ್ಚು ಹಾಕಿಸಿ ಹಂಚಬೇಕು. ಬಲ್ಲವರೊಬ್ಬರನ್ನು ಜೊತೆಗೆ ಕಳಿಸಿದರೆ ಇನ್ನೂ ಉತ್ತಮ.

ಹೋಗುವವರಿಗೆ ಎರಡು ಮಾತು. ಗುಹೆಯ ಎದುರಿಗೇ ಏಕವೀರಾ ದೇವಿಯ ಗುಡಿಯಿರುವುದರಿಂದ ರವಿವಾರ ಅಲ್ಲಿ ಬಹಳ ಜನಸಂದಣಿ. ವಾರದ ನಡುವೆ ರಜೆ ಪಡೆಯುವ ಹೊಟೆಲಿನವರಿಗೆ ಈ ಒಂದು ಅನುಕೂಲವುಂಟು. ಮಧ್ಯಾಹ್ನ ಲೋಕಲ್ ಗಾಡಿಗಳು ವಿರಳವಾದುದರಿಂದ ಮರಳುವ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಮಳೆಗಾಲದಲ್ಲಿ ನೀರಿಗಿಳಿಯುವ ಸಾಹಸ ಬೇಡ. 2025ರ ಜೂನ್ 15ರಂದು ತಳೇಗಾಂವದ ಬಳಿಯ ಕುಂಡಮಳೆಯಲ್ಲಿ ಇಂದ್ರಾಯಣಿಯ ಹಳೆಯ ಸೇತುವೆ ಕುಸಿದು ನಾಲ್ವರು ಸತ್ತರು, ಅದೂ ರವಿವಾರವೇ. ಮಳೆ ನಿಂತು ಗುಡ್ಡ ಇನ್ನೂ ಹಸುರಾಗಿರುವ ದಸರೆಯಿಂದ ದೀಪಾವಳಿಯವರೆಗಿನ ದಿನಗಳು ಈ ಪ್ರವಾಸಕ್ಕೆ ಉತ್ತಮ.