ಕಿಟಕಿಯಾಚೆ ಕಡಲು, ತಟ್ಟೆಯಲ್ಲಿ ಮಂಜುಗಡ್ಡೆ
ಕರಾವಳಿಗೆ ಮಳೆ ಹಿಡಿದ ಈ ವಾರವೂ ಕಡಲಂಚಿನ ಪಬ್ಬುಗಳ ಮುಂದಿನ ಕರಿಹಲಗೆಯಿಂದ ಆ ಸೀಮೆಸುಣ್ಣದ ಬರಹ ಅಳಿಸಿಲ್ಲ: 'ಇಂದಿನ ತಾಜಾ ಮೀನು'. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ ಬಂದರಿನಲ್ಲಿ ಅವು ಹೆಗಲಿಗೆ ಹೆಗಲು ತಾಗಿಸಿ ನಿಂತಿರುತ್ತವೆ. ನಾಡದೋಣಿಗಳಿಗೆ ವಿನಾಯಿತಿಯಿದೆ ನಿಜ, ಆದರೆ ಅವು ತರುವ ಬುಟ್ಟಿ ಮೀನು ಇಷ್ಟೊಂದು ಮೆನುಗಳನ್ನು ತುಂಬಲಾರದು. ಹಾಗಾಗಿ ತಟ್ಟೆಗೆ ಬರುವುದು ಶೀತಲಪೆಟ್ಟಿಗೆಯ ಅಂಜಲ್: ಮೇಲೆ ಕೆಂಪು ಮಸಾಲೆಯ ದಪ್ಪ ಅಂಗಿ, ಒಳಗೆ ನೀರೊಸರುವ, ಹತ್ತಿಯಂಥ ಸಪ್ಪೆ ತುಂಡು. ತಪ್ಪು ಫ್ರಿಜ್ಜಿನದಲ್ಲ, ಲೆಕ್ಕಾಚಾರದ್ದು. ಬಸ್ ನಿಲ್ದಾಣದ ಹಿಂದಿನ ಮೀನೂಟದ ಹೋಟೆಲಿಗೆ ಕಿಟಕಿಯೇ ಇರುವುದಿಲ್ಲ; ಅಲ್ಲಿ ಉಣ್ಣುವವರು ನಾಳೆಯೂ ಬರಬೇಕಾದವರು, ಬಂಗುಡೆ ಪುಳಿಮುಂಚಿ ಒಂದು ದಿನ ಕೆಟ್ಟರೆ ಮರುದಿನ ಬೆಂಚು ಖಾಲಿ. ಕಡಲಂಚಿನ ಗಿರಾಕಿ ವರ್ಷಕ್ಕೊಮ್ಮೆ ಬರುವ ಪ್ರವಾಸಿ. ಅವನು ಮುನಿಸಿಕೊಂಡು ಹೋದರೂ ಸೂರ್ಯಾಸ್ತ ಇನ್ನೊಬ್ಬನನ್ನು ಕರೆತರುತ್ತದೆ. 'ಜನ ಬರುವುದೇ ನೋಟಕ್ಕೆ, ಊಟಕ್ಕಲ್ಲ' ಎನ್ನಬಹುದು. ಒಪ್ಪೋಣ. ಹಾಗಿದ್ದರೆ ನೋಟಕ್ಕೇ ಟಿಕೆಟ್ ಇಡಲಿ, ಅದನ್ನು ಮೀನಿನ ಬೆಲೆಯೊಳಗೆ ಮುಚ್ಚಿಡುವುದೇಕೆ? ಬಾಡಿಗೆ ಹೆಚ್ಚೆಂಬ ಸಮಜಾಯಿಷಿಯೂ ಅರ್ಧಸತ್ಯ: ಬಾಡಿಗೆಯು ಊಟದ ದರವನ್ನು ಏರಿಸೀತು, ಉಪ್ಪು-ಹುಳಿಯ ಹದವನ್ನು ಕೆಡಿಸಬೇಕಿಲ್ಲ. ಮಳೆಗಾಲಕ್ಕೆಂದೇ ಕರಾವಳಿಯ ಅಡುಗೆಮನೆ ಒಣಮೀನಿನ ಚಟ್ನಿ, ಪತ್ರೊಡೆ, ಕಣಿಲೆಗಳನ್ನು ಕಟ್ಟಿಕೊಂಡಿದೆ. ಕರಿಹಲಗೆಯ ಮೇಲೆ ಅವನ್ನೇ ಬರೆದರೆ ಕಡಲಿಗೂ ಮರ್ಯಾದೆ, ನಾಲಿಗೆಗೂ.