ವೈದ್ಯನಿಲ್ಲದ ಹೊತ್ತು, ದಾದಿಯ ಕೈ

ಉತ್ತರ ಕನ್ನಡ ಜಿಲ್ಲೆಯ ಜೊಯಿಡಾ ತಾಲ್ಲೂಕು ವಿಸ್ತಾರದಲ್ಲಿ ಬಲು ದೊಡ್ಡದು, ಜನಸಂಖ್ಯೆಯಲ್ಲಿ ಚಿಕ್ಕದು. ಹಳೆಯ ಸುಪಾ ಊರು ಕಾಳಿ ನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿ, ಜೊಯಿಡಾ ತಾಲ್ಲೂಕಿನ ಮುಖ್ಯಸ್ಥಳವಾಯಿತು. ೨೦೧೧ರ ಜನಗಣತಿಯ ವೇಳೆಗೆ ಇಲ್ಲಿದ್ದವರು ಸುಮಾರು ಐವತ್ತು ಸಾವಿರ ಮಂದಿ. ಕುಣಬಿ, ಗೌಳಿ, ಸಿದ್ದಿ ಮೊದಲಾದವರ ಮನೆಗಳು ಕಾಡಿನ ನಡುವೆ ಅಲ್ಲೊಂದು ಇಲ್ಲೊಂದಾಗಿ ಚೆದರಿಕೊಂಡಿವೆ. ಇಂಥ ಕಡೆಗೆ ವೈದ್ಯರನ್ನು ಕಳುಹಿಸುವುದೂ, ಬಂದವರನ್ನು ನಿಲ್ಲಿಸಿಕೊಳ್ಳುವುದೂ ಎಷ್ಟು ಕಷ್ಟವೆಂಬುದು ಓದುಗರಿಗೆ ವಿದಿತವೇ ಇದೆ. ಹೀಗಿರುವಲ್ಲಿ, ನಮ್ಮ ಕಡೆಯ ಜನ ನರ್ಸಬಾಯಿ ಎಂದು ಕರೆಯುವ ದಾದಿಯು ರೋಗಿಯ ಮಂಚದ ಬಳಿ ಯಾವ ಯಾವ ಕ್ರಿಯೆಗಳನ್ನು ತಾನೇ ನಡೆಸಬಹುದು ಎಂಬುದು ಬರಿಯ ಕಾನೂನಿನ ಪ್ರಶ್ನೆಯಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಟ್ಟುಹಾವು ರಾತ್ರಿಯಲ್ಲಿ ಸಂಚರಿಸುವ ಪ್ರಾಣಿ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿಯೇ ಕಚ್ಚುವುದು ಹೆಚ್ಚು. ಗಾಯ ಕಣ್ಣಿಗೆ ಕಾಣದಷ್ಟು ಚಿಕ್ಕದು, ನೋವೂ ಅಲ್ಪ. ಕೆಲವು ತಾಸುಗಳಲ್ಲಿ ರೆಪ್ಪೆಗಳು ಜೋಲುತ್ತವೆ, ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ. ಕಡೆಗೆ ವಪೆಯೂ ಪಕ್ಕೆಲುಬುಗಳ ಸ್ನಾಯುಗಳೂ ಸೋತು ಉಸಿರು ನಿಲ್ಲುತ್ತದೆ. ನರದ ತುದಿಯಿಂದ ಸ್ನಾಯುವಿಗೆ ದಾಟಬೇಕಾದ ಆಜ್ಞೆಯನ್ನು ವಿಷವು ತಡೆದಿರುವುದೇ ಇದಕ್ಕೆ ಕಾರಣ. ಹೃದಯ ಬಡಿಯುತ್ತಲೇ ಇರುತ್ತದೆ. ಎಷ್ಟೋ ವೇಳೆ ರೋಗಿಗೆ ಪ್ರಜ್ಞೆಯೂ ಇರುತ್ತದೆ. ಪ್ರತಿವಿಷವು ರಕ್ತದಲ್ಲಿ ಇನ್ನೂ ತಿರುಗುತ್ತಿರುವ ವಿಷವನ್ನು ಹಿಡಿಯಬಲ್ಲುದೇ ಹೊರತು, ಕೆಟ್ಟುಹೋದ ನರದ ತುದಿಯನ್ನು ಒಡನೆ ಸರಿಪಡಿಸಲಾರದು. ಅದು ತಾನಾಗಿ ಚೇತರಿಸಿಕೊಳ್ಳುವವರೆಗೆ, ಕೆಲವು ದಿನಗಳ ಕಾಲ, ರೋಗಿಯ ಎದೆಯೊಳಗೆ ಗಾಳಿಯನ್ನು ತುಂಬುತ್ತಿದ್ದರೆ ಅವನು ಎದ್ದು ಮನೆಗೆ ನಡೆದು ಹೋಗಬಲ್ಲನು. ತುಂಬುವವರಿಲ್ಲದಿದ್ದರೆ ಕೆಲವು ನಿಮಿಷಗಳಲ್ಲಿ ಎಲ್ಲವೂ ಮುಗಿಯುತ್ತದೆ. ಉಸಿರಾಟದ ಯಂತ್ರವಿರುವ ದೊಡ್ಡ ಆಸ್ಪತ್ರೆ ಬೇಕೆಂದರೆ ಅಣಶಿ ಘಟ್ಟವನ್ನಿಳಿದು ಕಾರವಾರಕ್ಕೋ, ದಾಂಡೇಲಿಯ ಮೇಲಿಂದ ಹುಬ್ಬಳ್ಳಿಗೋ ಸಾಗಬೇಕು. ಆ ದಾರಿಯುದ್ದಕ್ಕೂ ಅವನ ಉಸಿರು ಯಾರ ಕೈಯಲ್ಲಿರಬೇಕು?

ಪದವೀಧರನಲ್ಲದವರಿಂದ ಚಿಕಿತ್ಸೆ ಎಂದೊಡನೆ ಹೌಹಾರಬೇಕಾಗಿಲ್ಲ. ಎಲ್.ಎಂ.ಪಿ. ವೈದ್ಯರನ್ನು ಹಿರಿಯರು ಮರೆತಿರಲಾರರು. ೧೯೪೬ರಲ್ಲಿ ಭೋರ್ ಸಮಿತಿಯು ತನ್ನ ವರದಿಯನ್ನು ಒಪ್ಪಿಸಿದಾಗ, ದೇಶದ ಸುಮಾರು ೪೭,೫೦೦ ನೋಂದಾಯಿತ ವೈದ್ಯರಲ್ಲಿ ೩೦,೦೦೦ದ ಹತ್ತಿರ ಮಂದಿ ಇಂಥ ಅಲ್ಪಾವಧಿಯ ಶಿಕ್ಷಣ ಪಡೆದವರೇ ಆಗಿದ್ದರು. ದೇಶಕ್ಕೆ ಒಂದೇ ಬಗೆಯ ವೈದ್ಯನಿರಬೇಕೆಂದು ಸಮಿತಿಯ ಬಹುಮತವು ಹೇಳಿತು. ಆ ವರ್ಗವು ಕ್ರಮೇಣ ಇಲ್ಲವಾಯಿತು. ಉದ್ದೇಶವು ಉದಾತ್ತವೇ. ಆದರೆ ಅವರು ತೆರವು ಮಾಡಿದ ಹಳ್ಳಿಗಳಿಗೆ ಪದವೀಧರರು ಬೇಕಾದಷ್ಟು ಸಂಖ್ಯೆಯಲ್ಲಿ ಬರಲಿಲ್ಲ.

ನಾವು ಮುಚ್ಚಿದ ಬಾಗಿಲನ್ನು ಅಮೆರಿಕದವರು ೧೯೬೫ರಲ್ಲಿ ತೆರೆದುದು ಒಂದು ವಿನೋದ. ಆ ವರ್ಷ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಅವರು, ನೌಕಾಪಡೆಯಲ್ಲಿ ಗಾಯಾಳುಗಳ ಆರೈಕೆ ಮಾಡಿ ಬಂದಿದ್ದ ನಾಲ್ವರನ್ನು ಸೇರಿಸಿಕೊಂಡು ವೈದ್ಯಸಹಾಯಕರ ಶಿಕ್ಷಣವನ್ನು ಆರಂಭಿಸಿದರು. ಅದೇ ವರ್ಷ ಕೊಲರಾಡೊದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ದಾದಿಯೂ ಹೆನ್ರಿ ಸಿಲ್ವರ್ ಎಂಬ ವೈದ್ಯರೂ ಕೂಡಿ, ದಾದಿಯರಿಗೆ ಚಿಕಿತ್ಸಾಧಿಕಾರ ಕೊಡುವ ವ್ಯಾಸಂಗವನ್ನು ರೂಪಿಸಿದರು. ಇಂದು ಅಲ್ಲಿನ ಆಸ್ಪತ್ರೆಗಳಲ್ಲಿ ಬೆನ್ನುಹುರಿಯ ದ್ರವವನ್ನು ತೆಗೆಯುವುದು, ಎದೆಯಲ್ಲಿ ತುಂಬಿದ ನೀರನ್ನು ಬಸಿಯುವುದು, ದೊಡ್ಡ ಅಭಿಧಮನಿಗೆ ಕೊಳವೆಯನ್ನು ಸೇರಿಸುವುದು ಮುಂತಾದುವನ್ನು ಇವರೂ ಮಾಡುವರು. ನಮ್ಮ ದೇಶದ ದೊಡ್ಡ ಹೃದಯ ಚಿಕಿತ್ಸಾಲಯಗಳಲ್ಲಿಯೂ ರೋಗಿಯ ಕಾಲಿನಿಂದ ರಕ್ತನಾಳವನ್ನು ಬಿಡಿಸಿ ತೆಗೆಯುವ ನಾಜೂಕಿನ ಕೆಲಸವನ್ನು ವೈದ್ಯಸಹಾಯಕರು ಮಾಡುತ್ತಿದ್ದಾರೆ. ೨೦೨೧ರ ಕೇಂದ್ರ ಕಾನೂನು ಅವರ ವೃತ್ತಿಯನ್ನು ಹೆಸರಿಸಿ ಗುರುತಿಸಿದೆ. ಶಸ್ತ್ರವೈದ್ಯರು ಸುತ್ತ ನೆರೆದಿರುವ ನಗರದಲ್ಲಿ ಸಲ್ಲುವ ನಂಬಿಕೆ ವೈದ್ಯನೇ ಇಲ್ಲದ ಕಾಡಿನಲ್ಲಿ ಸಲ್ಲದೆಂದರೆ ಹೇಗೆ?

ಮೊಜಾಂಬಿಕ್ ದೇಶದ ಅನುಭವವು ಇಲ್ಲಿ ನಮಗೆ ಹೆಚ್ಚು ಹತ್ತಿರದ್ದು. ಅಂತರ್ಯುದ್ಧದಿಂದ ಜರ್ಜರಿತವಾಗಿದ್ದ ಆ ದೇಶವು ೧೯೮೪ರಲ್ಲಿ ವೈದ್ಯರಲ್ಲದ ಆರೋಗ್ಯ ಕಾರ್ಯಕರ್ತರಿಗೆ ಶಸ್ತ್ರಚಿಕಿತ್ಸೆಯ ತರಬೇತಿಯನ್ನು ಕೊಡಲಾರಂಭಿಸಿತು. ಅವರು ನಡೆಸಿದ ಹೆರಿಗೆಯ ಶಸ್ತ್ರಚಿಕಿತ್ಸೆಗಳನ್ನು ತಜ್ಞವೈದ್ಯರು ನಡೆಸಿದವುಗಳೊಡನೆ ಹೋಲಿಸಿ ೧೯೯೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫಲಿತಾಂಶಗಳು ಹೆಚ್ಚುಕಡಿಮೆ ಸಮವಾಗಿದ್ದುವು. ಅದಕ್ಕಿಂತಲೂ ನಮ್ಮ ಗಮನವನ್ನು ಸೆಳೆಯುವುದು ಇನ್ನೊಂದು ಲೆಕ್ಕ: ತರಬೇತಿಯಾದ ಏಳು ವರ್ಷಗಳ ಮೇಲೆ ನೋಡಿದರೆ ಈ ಕಾರ್ಯಕರ್ತರಲ್ಲಿ ನೂರಕ್ಕೆ ಸುಮಾರು ೮೮ ಮಂದಿ ಜಿಲ್ಲಾ ಆಸ್ಪತ್ರೆಗಳಲ್ಲಿಯೇ ಇದ್ದರು, ಅಲ್ಲಿಗೆ ನೇಮಕವಾಗಿದ್ದ ವೈದ್ಯರಲ್ಲಿ ಒಬ್ಬರೂ ಉಳಿದಿರಲಿಲ್ಲ.

ಆದರೂ ಎದುರುಪಕ್ಷದ ಮಾತನ್ನು ತಳ್ಳಿಹಾಕುವಂತಿಲ್ಲ. ೨೦೧೯ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾನೂನು ಬಂದು, ಅದರ ೩೨ನೆಯ ಕಲಮು ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಮಿತವಾದ ಪರವಾನಗಿಯನ್ನು ಕೊಡಲು ಹೊರಟಾಗ ವೈದ್ಯರು ಮುಷ್ಕರ ಹೂಡಿದರು. ಪಟ್ಟಣದವನಿಗೆ ವೈದ್ಯ, ಹಳ್ಳಿಯವನಿಗೆ ಅರೆವೈದ್ಯನೇ ಎಂದು ಅವರು ಕೇಳಿದರು. ಇದರಲ್ಲಿ ವೃತ್ತಿಯ ಸ್ವಾರ್ಥವೂ ಕೊಂಚ ಬೆರೆತಿರಬಹುದು. ಆದರೂ ಪ್ರಶ್ನೆ ನ್ಯಾಯವಾದದ್ದು. ದಾದಿಗೆ ಅಧಿಕಾರ ಕೊಟ್ಟೆವೆಂಬ ನೆಪದಿಂದ ವೈದ್ಯನ ಹುದ್ದೆಯನ್ನು ಖಾಲಿ ಬಿಡುವ ಸರ್ಕಾರವನ್ನು ನಾವೂ ಒಪ್ಪಲಾರೆವು. ೨೦೨೨ರಲ್ಲಿ ಈ ಜಿಲ್ಲೆಯ ಜನರು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂದು ಎಬ್ಬಿಸಿದ ಕೂಗು ಸಕಾರಣವಾದುದು. ದಾದಿಯ ತರಬೇತಿಯು ಅದಕ್ಕೆ ಬದಲಿಯಲ್ಲ. ಆಸ್ಪತ್ರೆ ಕಟ್ಟಿ ಮುಗಿದರೂ ಜೊಯಿಡಾದ ಹಳ್ಳಿಗೂ ಅದಕ್ಕೂ ನಡುವೆ ಕಾಡು ಇದ್ದೇ ಇರುವುದಷ್ಟೆ.

ಹಾಗೆಂದು ಎಲ್ಲ ಕ್ರಿಯೆಗಳನ್ನೂ ದಾದಿಗೆ ಒಪ್ಪಿಸಿರೆಂದು ನಾವು ಹೇಳುತ್ತಿಲ್ಲ. ಶ್ವಾಸನಾಳಕ್ಕೆ ಕೊಳವೆಯನ್ನು ಇಳಿಸುವ ಕೆಲಸವನ್ನೇ ನೋಡಿ. ಅದು ತಪ್ಪಿ ಅನ್ನನಾಳಕ್ಕೆ ಹೋದರೆ, ಒತ್ತಿದ ಗಾಳಿಯೆಲ್ಲ ಹೊಟ್ಟೆಗೆ ತುಂಬಿ ರೋಗಿ ಸಾಯುತ್ತಾನೆ. ವರ್ಷಕ್ಕೆ ಒಂದೆರಡು ಸಲ ಮಾತ್ರ ಇಂಥ ರೋಗಿಯನ್ನು ಕಾಣುವ ಕೈಗೆ, ಅದು ವೈದ್ಯನದೇ ಆಗಲಿ, ಈ ಕೌಶಲ ನಿಲ್ಲದು. ಕಲಿತುದು ಮರೆತುಹೋಗುವ ಕ್ರಿಯೆಯನ್ನು ಕಾಗದದ ಮೇಲೆ ದಯಪಾಲಿಸಿ ಪ್ರಯೋಜನವಿಲ್ಲ. ಚೀಲವನ್ನೊತ್ತಿ ಮುಖವಾಡದ ಮೂಲಕ ಗಾಳಿ ಕೊಡುವುದು, ಗಂಟಲಲ್ಲಿ ಕುಳಿತು ಶ್ವಾಸದ್ವಾರವನ್ನು ಆವರಿಸುವ ಸಾಧನವನ್ನು ಇಡುವುದು ಇವು ಕಲಿಯಲು ಸುಲಭ, ನೆನಪಿನಲ್ಲಿಯೂ ನಿಲ್ಲುವುವು. ೨೦೧೮ರಲ್ಲಿ ಇಂಗ್ಲೆಂಡಿನಿಂದ ಪ್ರಕಟವಾದ ಒಂದು ಪ್ರಯೋಗದಲ್ಲಿ, ಆಸ್ಪತ್ರೆಯ ಹೊರಗೆ ಹೃದಯ ನಿಂತ ಸುಮಾರು ೯,೩೦೦ ರೋಗಿಗಳನ್ನು ತುರ್ತುವಾಹನದ ಸಿಬ್ಬಂದಿಯವರು ನೋಡಿಕೊಂಡರು. ಕೊಳವೆಗೂ ಇಂಥ ಸಾಧನಕ್ಕೂ ಪರಿಣಾಮದಲ್ಲಿ ಹೇಳಿಕೊಳ್ಳುವಂಥ ಅಂತರ ಕಂಡುಬರಲಿಲ್ಲ. ಹಾವು ಕಚ್ಚಿದವರ ವಿಷಯವೇ ಬೇರೆಯಾದರೂ, ಸುಲಭವಾದ ಸಾಧನವು ಕೀಳು ಸಾಧನವಲ್ಲವೆಂಬುದಕ್ಕೆ ಇದು ಸಾಕು. ಹಳ್ಳಿಯ ದಾದಿಯು ಗರ್ಭಿಣಿಯ ಸೆಳವಿಗೆ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಸೂಜಿಮದ್ದನ್ನು ತಾನೇ ಚುಚ್ಚಲು ಸರ್ಕಾರದ ಅನುಮತಿ ಬಹಳ ಹಿಂದೆಯೇ ದೊರೆತಿದೆ. ಉಸಿರಿನ ವಿಷಯದಲ್ಲಿಯೂ ಅಂಥದೇ ಸ್ಪಷ್ಟವಾದ ಲಿಖಿತ ಅಪ್ಪಣೆ ಬೇಕು. ಆಗ ಆಕೆ ಮುಂದೆ ಬರಬಹುದಾದ ಮೊಕದ್ದಮೆಗೆ ಅಂಜಿ ಕೈಕಟ್ಟಿ ನಿಲ್ಲಬೇಕಾಗುವುದಿಲ್ಲ.

ಅಪ್ಪಣೆಯೊಡನೆ ಲೆಕ್ಕವೂ ಇರಬೇಕು. ಯಾವ ಕ್ರಿಯೆಯನ್ನು ಯಾರು, ಎಷ್ಟು ಸಲ ಮಾಡಿದರು, ಎಷ್ಟು ಸಲ ತಪ್ಪಿತು ಎಂಬುದನ್ನು ಬರೆದಿಡುವ ಪುಸ್ತಕವು ದಾದಿಗೂ ವೈದ್ಯನಿಗೂ ಒಂದೇ ಆಗಿರಲಿ. ಇನ್ನು ತರಬೇತಿಯ ಸ್ಥಳವನ್ನು ದೂರ ಹುಡುಕಬೇಕಾಗಿಲ್ಲ. ಕಾರವಾರದಲ್ಲಿ ೨೦೧೬ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಶಸ್ತ್ರಚಿಕಿತ್ಸೆಗೆ ಬಂದ ರೋಗಿಗಳಿಗೆ ಅರಿವಳಿಕೆ ಕೊಟ್ಟೊಡನೆ ಅವರ ಉಸಿರನ್ನು ತಜ್ಞರು ಮುಖವಾಡ ಹಿಡಿದೇ ನಡೆಸುವರು. ಅವರ ಕಣ್ಣೆದುರಿನಲ್ಲಿ, ಅವರ ಹೊಣೆಯಲ್ಲಿ, ಜೊಯಿಡಾದ ದಾದಿಯರು ಸರದಿಯ ಮೇಲೆ ಎರಡೆರಡು ವಾರ ಕೈ ಪಳಗಿಸಿಕೊಳ್ಳಬಹುದು. ಮಳೆ ಹಿಡಿದೊಡನೆ ಬಿಲಗಳಲ್ಲಿ ನೀರು ತುಂಬಿ ಹಾವುಗಳು ಮನೆಗಳ ಕಡೆ ಬರುವುವು. ಆದಕಾರಣ ಮೊದಲ ತಂಡವನ್ನು ಚೈತ್ರ ವೈಶಾಖಗಳಲ್ಲಿಯೇ ಕಾರವಾರಕ್ಕೆ ಕಳುಹಿಸುವುದು ಮೇಲು.